ಕಾಣದ ಕೂಲಿ

೧೯೦೨ನೆಯ ಇಸವಿ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಅಟ್ಲಾಂಟ ನಗರದಲ್ಲಿ ಭವ್ಯವಾದ ಸಾರ್ವಜನಿಕ ಗ್ರಂಥಾಲಯವೊಂದು ಆರಂಭವಾಯಿತು. ಕಟ್ಟಡಕ್ಕೆ ಹಣವನ್ನು ದಾನವಾಗಿ ಕೊಟ್ಟವರು ಉಕ್ಕಿನ ಉದ್ಯಮದಲ್ಲಿ ಕೋಟ್ಯಧೀಶರಾಗಿದ್ದ ಆಂಡ್ರೂ ಕಾರ್ನೆಗಿ. ಅದನ್ನು ನಡೆಸಿಕೊಂಡು ಹೋಗುವ ವೆಚ್ಚ ನಗರದ ಬೊಕ್ಕಸದ್ದು. ಆ ಬೊಕ್ಕಸಕ್ಕೆ ಬಿಳಿಯರು ತೆರಿಗೆ ಸಲ್ಲಿಸುತ್ತಿದ್ದರು, ಕರಿಯರೂ ಸಲ್ಲಿಸುತ್ತಿದ್ದರು. ಊರಿನ ಜನರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಕರಿಯರೇ ಆಗಿದ್ದರು. ಆದರೆ ಗ್ರಂಥಾಲಯದ ಬಾಗಿಲು ಬಿಳಿಯರಿಗೆ ಮಾತ್ರ ತೆರೆದಿತ್ತು.

ಕೆಲವರು ಕರಿಯ ನಾಗರಿಕರು ನಿಯೋಗವಾಗಿ ಹೋಗಿ ಗ್ರಂಥಾಲಯದ ಆಡಳಿತ ಮಂಡಲಿಯವರನ್ನು ಕಂಡರು. ಅವರ ಪರವಾಗಿ ಮಾತನಾಡಿದವರು ಮೂವತ್ತನಾಲ್ಕು ವರ್ಷ ವಯಸ್ಸಿನ ಒಬ್ಬ ಪ್ರಾಧ್ಯಾಪಕರು. ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿ ಪಡೆದವರು; ಬರ್ಲಿನ್ ನಗರದಲ್ಲಿ ವ್ಯಾಸಂಗ ಮಾಡಿದವರು; ಅಷ್ಟು ಹೊತ್ತಿಗಾಗಲೇ ಎರಡು ಪ್ರೌಢ ಗ್ರಂಥಗಳನ್ನು ಬರೆದಿದ್ದವರು. ಮಂಡಲಿಯವರು ಅವರ ಮಾತನ್ನು ಸೌಜನ್ಯದಿಂದಲೇ ಕೇಳಿದರು, ಸೌಜನ್ಯದಿಂದಲೇ ಇಲ್ಲವೆಂದರು. ಮುಂದೆ ಎಂದಾದರೊಂದು ದಿನ ಕರಿಯರಿಗೆಂದೇ ಬೇರೆ ಗ್ರಂಥಾಲಯವನ್ನು ಕಟ್ಟಿಸಬಹುದೆಂದು ಸೂಚಿಸಿದರು. ಆ ಒಂದು ದಿನ ಬಂದದ್ದು ೧೯೨೧ರಲ್ಲಿ.

ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಬಿಳಿಯನೊಬ್ಬನು ಆ ಮೆಟ್ಟಿಲುಗಳನ್ನೇರಿ ನಿರಾತಂಕವಾಗಿ ಒಳಗೆ ಹೋಗಬಹುದಾಗಿತ್ತು. ಗ್ರಂಥಕರ್ತರಾದ ಈ ಪ್ರಾಧ್ಯಾಪಕರು ಹೋಗುವಂತಿರಲಿಲ್ಲ. ಒಳಗೆ ಹೋದವನಿಗೆ ತಾನು ಯಾವುದೋ ವಿಶೇಷ ಸವಲತ್ತನ್ನು ಅನುಭವಿಸುತ್ತಿದ್ದೇನೆಂಬ ಅರಿವಾದರೂ ಇತ್ತೆ? ಇದ್ದಿರಲಾರದು. ಈ ಸವಲತ್ತು ಇರುವುದು ನಿಜವೇ, ಇದ್ದರೆ ಅದರ ಲಾಭ ಯಾರಿಗೆ ಸೇರುತ್ತದೆ ಎಂಬ ಪ್ರಶ್ನೆಯನ್ನು ತಮ್ಮ ಬಾಳಿನುದ್ದಕ್ಕೂ ಕೈಬಿಡದೆ ಶೋಧಿಸಿದವರು ಆ ಪ್ರಾಧ್ಯಾಪಕರು. ಅವರ ಹೆಸರು ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡುಬಾಯ್ಸ್.

ಡುಬಾಯ್ಸ್ ಅವರು ಹುಟ್ಟಿದ್ದು ೧೮೬೮ನೆಯ ಫೆಬ್ರವರಿ ೨೩ರಂದು, ಅಮೆರಿಕದ ಈಶಾನ್ಯ ಭಾಗದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಸೇರಿದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. ಗುಲಾಮಗಿರಿಯು ದೇಶದಲ್ಲಿ ರದ್ದಾಗಿ ಆಗ ಎರಡು ವರ್ಷಗಳು ಕಳೆದಿದ್ದವು. ಅವರ ತಾಯಿ ಮೇರಿ ಸಿಲ್ವಿನಾ ಅವರ ಮನೆತನದವರು ಬಹುಕಾಲದಿಂದ ಅಲ್ಲಿ ಸ್ವತಂತ್ರರಾಗಿ ಬಾಳಿದ ಕರಿಯರು. ತಂದೆ ಮಗುವಿನ ಎಳವೆಯಲ್ಲಿಯೇ ಮನೆ ಬಿಟ್ಟು ಹೋದರು. ಬಡತನದಲ್ಲಿ, ದೇಹಸ್ವಾಸ್ಥ್ಯವಿಲ್ಲದ ತಾಯಿಯ ಆಸರೆಯಲ್ಲಿ ಬಾಲಕನು ಬೆಳೆದನು. ಆ ಊರಿನಲ್ಲಿ ಕರಿಯರು ಬೆರಳೆಣಿಕೆಯಷ್ಟು. ಬಿಳಿಯರ ಮಕ್ಕಳೊಡನೆಯೇ ಆಟ, ಅವರೊಡನೆಯೇ ಪಾಠ. ತಾನು ಬೇರೆ ಎಂಬ ಭಾವನೆಗೆ ಅಲ್ಲಿ ಹೆಚ್ಚಿನ ಅವಕಾಶವಿರಲಿಲ್ಲ.

ಒಂದು ದಿನ ಶಾಲೆಯ ಮಕ್ಕಳಿಗೆ ಒಂದು ಹೊಸ ಆಟ ಹೊಳೆಯಿತು. ದೊಡ್ಡವರು ಒಬ್ಬರಿಗೊಬ್ಬರು ಭೇಟಿಚೀಟಿಗಳನ್ನು ಕೊಡುವಂತೆ ತಾವೂ ಅಂದವಾದ ಚೀಟಿಗಳನ್ನು ಕೊಂಡು ಪರಸ್ಪರ ಹಂಚಿಕೊಳ್ಳತೊಡಗಿದರು. ನಗು, ಗದ್ದಲ, ಸಂಭ್ರಮ. ಹೊಸದಾಗಿ ಊರಿಗೆ ಬಂದಿದ್ದ ಎತ್ತರದ ಹುಡುಗಿಯೊಬ್ಬಳು ಡುಬಾಯ್ಸ್ ನೀಡಿದ ಚೀಟಿಯನ್ನು ಮುಟ್ಟಲಿಲ್ಲ. ಅವನತ್ತ ಒಮ್ಮೆ ನೋಡಿ ಮುಖ ತಿರುಗಿಸಿದಳು. ಅಷ್ಟೇ ನಡೆದದ್ದು. ಆದರೆ ತನಗೂ ತನ್ನ ಜೊತೆಯವರಿಗೂ ನಡುವೆ ಒಂದು ತೆರೆ ಇಳಿಬಿದ್ದಿದೆಯೆಂದು ಬಾಲಕನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಇಪ್ಪತ್ತು ವರ್ಷಗಳ ಮೇಲೆ ಅವರು ಬರೆದ ಪುಸ್ತಕವೊಂದರ ಮೊದಲ ಪುಟಗಳಲ್ಲಿಯೇ ಈ ಪ್ರಸಂಗ ಬರುತ್ತದೆ. ಅದರ ನೋವು ಅಷ್ಟು ಆಳಕ್ಕೆ ಇಳಿದಿತ್ತು.

ಓದಿನಲ್ಲಿ ಅವನು ಎಲ್ಲರಿಗಿಂತ ಮುಂದು. ೧೮೮೪ರಲ್ಲಿ ಪ್ರೌಢಶಾಲೆಯ ವಿದ್ಯಾಭ್ಯಾಸ ಮುಗಿಯಿತು; ಮರುವರ್ಷ ತಾಯಿ ತೀರಿಕೊಂಡರು. ಹಾರ್ವರ್ಡ್ ಸೇರಬೇಕೆಂಬುದು ಹುಡುಗನ ಕನಸು. ಊರಿನ ಇಗರ್ಜಿಗಳೂ ಹಿರಿಯರೂ ಹಣ ಕೂಡಿಸಿ ಕಳುಹಿಸಿದ್ದು ದಕ್ಷಿಣದ ನ್ಯಾಶ್‌ವಿಲ್ ನಗರದಲ್ಲಿ ಕರಿಯರಿಗಾಗಿ ಇದ್ದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ. ಹಾಗೆ ಕಳುಹಿಸಿದ್ದರಿಂದಲೇ ಅವರಿಗೆ ತಮ್ಮ ಜನರ ನಿಜವಾದ ಸ್ಥಿತಿ ಕಾಣಸಿಕ್ಕಿತು ಎನ್ನಬೇಕು.

ಫಿಸ್ಕ್‌ನಲ್ಲಿದ್ದಾಗ ಬೇಸಗೆಯ ರಜೆಯಲ್ಲಿ ಹಳ್ಳಿಗಾಡಿನ ಶಾಲೆಯೊಂದರಲ್ಲಿ ಪಾಠ ಹೇಳಲು ಅವರು ಹೊರಟರು. ಶಾಲೆಯೆಂದರೆ ಮರದ ದಿಮ್ಮಿಗಳ ಒಂದು ಗುಡಿಸಲು. ಅದು ಹಿಂದೆ ಜೋಳ ತುಂಬಿಡುತ್ತಿದ್ದ ಕಣಜ. ಮಕ್ಕಳಿಗೆ ಒರಗಿಲ್ಲದ ಹಲಗೆಗಳು. ಉಪಾಧ್ಯಾಯರ ಕುರ್ಚಿಯನ್ನು ತಾವು ತಂಗಿದ್ದ ಮನೆಯೊಡತಿಯಿಂದ ಎರವಲು ತಂದು ಪ್ರತಿದಿನ ಸಂಜೆ ಹಿಂದಿರುಗಿಸಬೇಕಾಗಿತ್ತು. ಕೆಲಸದ ಆಜ್ಞೆ ಪಡೆಯಲು ಅವರು ಶಿಕ್ಷಣಾಧಿಕಾರಿಯ ಮನೆಗೆ ಕುದುರೆಯ ಮೇಲೆ ಹೋದಾಗ ಜೊತೆಯಲ್ಲಿ ಒಬ್ಬ ಬಿಳಿಯ ತರುಣನೂ ಇದ್ದನು. ಅವನಿಗೆ ಬಿಳಿಯರ ಶಾಲೆಯ ಕೆಲಸ ಬೇಕಾಗಿತ್ತು. ಅಧಿಕಾರಿ ಇಬ್ಬರನ್ನೂ ಆದರದಿಂದ ಬರಮಾಡಿಕೊಂಡನು, ಇಬ್ಬರಿಗೂ ಕೆಲಸ ಕೊಟ್ಟನು, ಇಬ್ಬರನ್ನೂ ಊಟಕ್ಕೆ ನಿಲ್ಲಿಸಿಕೊಂಡನು. ತರುಣ ಡುಬಾಯ್ಸ್ ಹಿಗ್ಗಿದರು. ಆದರೆ ಊಟದ ವೇಳೆಗೆ ಬಿಳಿಯರಿಬ್ಬರೂ ಮೊದಲು ಕುಳಿತು ಉಂಡರು. ಅವರು ಎದ್ದ ಮೇಲೆ ಡುಬಾಯ್ಸ್ ಒಬ್ಬರೇ ಕುಳಿತು ಉಂಡರು. ಆ ಬಿಳಿಯ ತರುಣನು ಏನನ್ನೂ ಕೇಳಿರಲಿಲ್ಲ, ಯಾರನ್ನೂ ಹೀಯಾಳಿಸಿರಲಿಲ್ಲ. ಮೊದಲ ಪಂಕ್ತಿ ತಾನಾಗಿಯೇ ಅವನದಾಗಿತ್ತು. ಪಂಕ್ತಿಭೇದವೆಂದರೇನೆಂದು ನಮ್ಮ ನಾಡಿನ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

೧೮೮೮ರಲ್ಲಿ ಹಾರ್ವರ್ಡ್‌ನ ಕನಸು ನನಸಾಯಿತು. ಅಲ್ಲಿ ಮತ್ತೊಂದು ಪದವಿ ಪಡೆದು, ೧೮೯೨ರಿಂದ ಎರಡು ವರ್ಷ ಬರ್ಲಿನ್‌ನಲ್ಲಿ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಅಭ್ಯಾಸ ಮಾಡಿ ಹಿಂದಿರುಗಿದರು. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ ಮೊದಲ ಕರಿಯರೆಂಬ ಕೀರ್ತಿ ಅವರದಾಯಿತು. ೧೮೯೬ರಲ್ಲಿ ನೀನಾ ಗೋಮರ್ ಅವರೊಡನೆ ವಿವಾಹವಾಯಿತು.

ಅದೇ ವರ್ಷ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯವು ಫಿಲಡೆಲ್ಫಿಯ ನಗರದ ಕರಿಯರ ಸ್ಥಿತಿಗತಿಗಳನ್ನು ಪರಿಶೀಲಿಸಲು ಅವರನ್ನು ನೇಮಿಸಿಕೊಂಡಿತು. ಹುದ್ದೆ ಕಿರಿದು, ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅವಕಾಶವಿಲ್ಲ. ನವದಂಪತಿಗಳು ಏಳನೆಯ ವಾರ್ಡ್ ಎಂಬ ಬಡವರ ಕೇರಿಯಲ್ಲಿಯೇ ಮನೆ ಮಾಡಿದರು. ಡುಬಾಯ್ಸ್ ಅವರು ಮನೆಯಿಂದ ಮನೆಗೆ ನಡೆದು, ಸುಮಾರು ೨,೫೦೦ ಮನೆಗಳ ಬಾಗಿಲು ತಟ್ಟಿ, ಒಂಬತ್ತು ಸಾವಿರಕ್ಕೂ ಮಿಕ್ಕ ಜನರ ಉದ್ಯೋಗ, ಸಂಪಾದನೆ, ಬಾಡಿಗೆ, ವಿದ್ಯೆ, ಆರೋಗ್ಯಗಳ ವಿವರಗಳನ್ನು ಸಂಗ್ರಹಿಸಿದರು. ಕರಿಯರ ಬಡತನಕ್ಕೂ ಅಪರಾಧಗಳಿಗೂ ಅವರ ಹುಟ್ಟುಗುಣವೇ ಕಾರಣವೆಂದು ಅಂದಿನ ವಿದ್ಯಾವಂತರಲ್ಲಿ ಅನೇಕರು ನಂಬಿದ್ದರು. ೧೮೯೯ರಲ್ಲಿ ಪ್ರಕಟವಾದ ಡುಬಾಯ್ಸ್ ಅವರ ಗ್ರಂಥದ ಅಂಕಿಅಂಶಗಳು ಬೇರೊಂದು ಕಥೆಯನ್ನು ಹೇಳಿದವು. ಓದು ಬರಹ ಬಲ್ಲ ಕರಿಯನಿಗೂ ಮನೆಗೆಲಸ, ಹೊರೆಕೆಲಸಗಳಲ್ಲದೆ ಬೇರೆ ಉದ್ಯೋಗ ದೊರೆಯುತ್ತಿರಲಿಲ್ಲ. ಕಾರ್ಖಾನೆಗಳು ಅವನನ್ನು ಸೇರಿಸುತ್ತಿರಲಿಲ್ಲ. ಬಿಳಿಯ ಕುಶಲಕರ್ಮಿಗಳ ಸಂಘಗಳು ಅವನನ್ನು ಸದಸ್ಯನನ್ನಾಗಿ ಮಾಡಿಕೊಳ್ಳುತ್ತಿರಲಿಲ್ಲ. ಹಾಳು ಮನೆಗೆ ಹೆಚ್ಚಿನ ಬಾಡಿಗೆ ಕೊಡುವ ಗತಿ ಅವನದಾಗಿತ್ತು. ಒಬ್ಬನಿಗೆ ಮುಚ್ಚಿದ ಉದ್ಯೋಗದ ಬಾಗಿಲು ಇನ್ನೊಬ್ಬನಿಗೆ ಪೈಪೋಟಿಯಿಲ್ಲದೆ ತೆರೆದಿರುತ್ತದೆ. ಸವಲತ್ತೆಂಬುದು ಹೀಗೆ ಲೆಕ್ಕದ ಪುಸ್ತಕದಲ್ಲಿ ಮೊದಲ ಬಾರಿಗೆ ಅವರ ಕಣ್ಣಿಗೆ ಬಿತ್ತು.

ಲೆಕ್ಕಗಳನ್ನು ಜನರ ಮುಂದಿಟ್ಟರೆ ಸಾಕು, ಅಜ್ಞಾನ ಕಳೆದು ಅನ್ಯಾಯ ಅಳಿಯುತ್ತದೆ ಎಂದು ಆಗ ಡುಬಾಯ್ಸ್ ಅವರು ನಂಬಿದ್ದರು. ಆ ನಂಬಿಕೆ ೧೮೯೯ರಲ್ಲಿ ಮುರಿಯಿತು. ಅವರು ಅಟ್ಲಾಂಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಎರಡು ವರ್ಷಗಳಾಗಿದ್ದವು. ಸಮೀಪದ ಹಳ್ಳಿಯೊಂದರಲ್ಲಿ ಸ್ಯಾಮ್ ಹೋಸ್ ಎಂಬ ಕರಿಯ ಕೂಲಿಕಾರನನ್ನು ಬಿಳಿಯರ ಗುಂಪು, ನ್ಯಾಯವಿಚಾರಣೆಯಿಲ್ಲದೆ, ಚಿತ್ರಹಿಂಸೆ ಮಾಡಿ ಜೀವಸಹಿತ ಸುಟ್ಟಿತು. ಆ ವಿಷಯವಾಗಿ ಶಾಂತವಾದ, ವಿಚಾರಪೂರ್ಣವಾದ ಪತ್ರವೊಂದನ್ನು ಬರೆದು ಪತ್ರಿಕಾ ಕಚೇರಿಗೆ ಕೊಡಲು ಅವರು ನಡೆದು ಹೊರಟಿದ್ದರು. ಸತ್ತವನ ಬೆರಳ ಗೆಣ್ಣುಗಳನ್ನು ಮುಂದಿನ ಬೀದಿಯ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆಂದು ದಾರಿಯಲ್ಲಿ ತಿಳಿಯಿತು. ಅವರು ಪತ್ರವನ್ನು ಕೊಡದೆ ಹಿಂದಿರುಗಿದರು. ಮರುತಿಂಗಳು ಅವರ ಎಳೆಯ ಮಗ ಗಂಟಲಮಾರಿ ರೋಗದಿಂದ ತೀರಿಕೊಂಡನು. ಮಗುವಿನ ಶವವನ್ನು ಸಾಗಿಸುವಾಗ ದಾರಿಹೋಕ ಬಿಳಿಯರು ಕಣ್ಣೆತ್ತಿ ನೋಡಿ ಹೀನವಾದ ಮಾತೊಂದನ್ನು ಆಡಿ ಹೋದರು. ಆ ನೆಲದಲ್ಲಿ ಮಗುವನ್ನು ಹೂಳಲು ಮನಸ್ಸು ಬಾರದೆ ತಂದೆತಾಯಿಗಳು ದೂರದ ಗ್ರೇಟ್ ಬ್ಯಾರಿಂಗ್ಟನ್‌ಗೆ ಕೊಂಡೊಯ್ದು ಮಣ್ಣು ಮಾಡಿದರು.

ದಕ್ಷಿಣದ ರಾಜ್ಯಗಳು ಈ ಸ್ಥಿತಿಗೆ ಹೇಗೆ ಬಂದವೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧದ ಕೊನೆಗೆ ಸುಮಾರು ನಲವತ್ತು ಲಕ್ಷ ಗುಲಾಮರು ಸ್ವತಂತ್ರರಾದರು. ೧೮೭೦ರಲ್ಲಿ ಕರಿಯ ಪುರುಷರಿಗೆ ಮತದಾನದ ಹಕ್ಕು ಸಂವಿಧಾನದಲ್ಲಿ ಸೇರಿತು. ಕೆಲವು ವರ್ಷಗಳ ಕಾಲ ಕರಿಯರು ಶಾಸನಸಭೆಗಳಲ್ಲಿ ಕುಳಿತರು. ಬಡ ಬಿಳಿಯರ ಮಕ್ಕಳಿಗೂ ಕರಿಯರ ಮಕ್ಕಳಿಗೂ ಸರ್ಕಾರಿ ಶಾಲೆಗಳು ತೆರೆದವು. ೧೮೭೭ರಲ್ಲಿ ಕೇಂದ್ರದ ಸೈನ್ಯದ ರಕ್ಷಣೆ ಹಿಂತೆಗೆದುಹೋಯಿತು. ಬಳಿಕ ಹಳೆಯ ಜಮೀನುದಾರರ ಕೈ ಮೇಲಾಯಿತು. ಕರಿಯರ ಮತವನ್ನು ಒಂದೊಂದೇ ಉಪಾಯದಿಂದ ಕಿತ್ತುಕೊಂಡರು; ರೈಲಿನಲ್ಲಿ, ಶಾಲೆಯಲ್ಲಿ, ಉದ್ಯಾನದಲ್ಲಿ ಪ್ರತ್ಯೇಕತೆ ಕಾನೂನಾಯಿತು. ಪ್ರತ್ಯೇಕವಾಗಿದ್ದರೂ ಸಮವಾಗಿದ್ದರೆ ತಪ್ಪಿಲ್ಲವೆಂದು ೧೮೯೬ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು.

ಕರಿಯರ ಅಂದಿನ ಪ್ರಸಿದ್ಧ ನಾಯಕರು ಬೂಕರ್ ಟಿ. ವಾಷಿಂಗ್ಟನ್. ಮತದ ಹಕ್ಕಿಗಾಗಿ ಸದ್ಯಕ್ಕೆ ಹೋರಾಡದೆ ಕೈಕಸಬು ಕಲಿತು ದುಡಿಮೆಯಿಂದ ಮೇಲೆ ಬರಬೇಕೆಂಬುದು ಅವರ ಮಾರ್ಗ. ಗುಲಾಮರಾಗಿ ಹುಟ್ಟಿ ದೊಡ್ಡ ವಿದ್ಯಾಸಂಸ್ಥೆಯನ್ನು ಕಟ್ಟಿದ ಆ ಹಿರಿಯರಲ್ಲಿ ಡುಬಾಯ್ಸ್ ಅವರಿಗೆ ಗೌರವವಿತ್ತು. ಆದರೆ ಮತವಿಲ್ಲದವನ ದುಡಿಮೆ ಅವನ ಕೈಯಲ್ಲಿ ಉಳಿಯುವುದಿಲ್ಲವೆಂದು ೧೯೦೩ರಲ್ಲಿ ಪ್ರಕಟವಾದ ಕರಿಯರ ಅಂತರಂಗವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅವರು ನೇರವಾಗಿ ಬರೆದರು. ೧೯೦೫ರಲ್ಲಿ ನಯಾಗರ ಜಲಪಾತದ ಬಳಿ ಇಪ್ಪತ್ತೊಂಬತ್ತು ಮಂದಿಯನ್ನು ಸೇರಿಸಿ ಪೂರ್ಣ ಪೌರಹಕ್ಕುಗಳ ಚಳವಳಿಯನ್ನು ಆರಂಭಿಸಿದರು. ೧೯೦೯ರಲ್ಲಿ ಬಿಳಿಯರೂ ಕರಿಯರೂ ಕೂಡಿ ಸ್ಥಾಪಿಸಿದ ವರ್ಣೀಯರ ಮುನ್ನಡೆಯ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ಮರುವರ್ಷ ನ್ಯೂಯಾರ್ಕಿಗೆ ಬಂದು ಸಂಘದ ‘ಕ್ರೈಸಿಸ್’ ಮಾಸಪತ್ರಿಕೆಯನ್ನು ಆರಂಭಿಸಿದರು. ಮೊದಲ ಸಂಚಿಕೆಯ ಪ್ರತಿಗಳು ಒಂದು ಸಾವಿರ. ಒಂಬತ್ತು ವರ್ಷಗಳಲ್ಲಿ ಅದು ಲಕ್ಷದ ಸಮೀಪಕ್ಕೆ ಏರಿತು.

ಡುಬಾಯ್ಸ್ ಅವರ ಸ್ವಭಾವ ಸುಲಭವಾದುದಲ್ಲ. ಕೈಕೋಲು, ಕೈಗವಸುಗಳೊಡನೆ ಠೀವಿಯಿಂದ ನಡೆಯುತ್ತಿದ್ದ ಅವರಲ್ಲಿ ಸಾಮಾನ್ಯ ಜನರೊಡನೆ ಬೆರೆಯುವ ಸಲಿಗೆ ಕಡಿಮೆ. ಎಣಿಕೆ ತಪ್ಪಿದ್ದೂ ಉಂಟು. ೧೯೧೨ರಲ್ಲಿ ವುಡ್ರೋ ವಿಲ್ಸನ್ ಅವರನ್ನು ಬೆಂಬಲಿಸಿದರು. ಗೆದ್ದ ವಿಲ್ಸನ್ ಅವರ ಆಡಳಿತದಲ್ಲಿಯೇ ಕೇಂದ್ರ ಸರ್ಕಾರದ ಕಚೇರಿಗಳೊಳಗೆ ಕರಿಯ ನೌಕರರನ್ನು ಬೇರ್ಪಡಿಸುವ ಪದ್ಧತಿ ಹರಡಿತು. ಆದರೆ ಸವಲತ್ತಿನ ಪ್ರಶ್ನೆಯಲ್ಲಿ ಅವರ ವಿಚಾರ ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋಯಿತು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, ೧೯೧೫ರಲ್ಲಿ, ಅವರು ಬರೆದ ಲೇಖನವೊಂದು ಆ ಯುದ್ಧದ ಬೇರುಗಳನ್ನು ಆಫ್ರಿಕದಲ್ಲಿ ಹುಡುಕಿತು. ಯುರೋಪಿನ ರಾಷ್ಟ್ರಗಳು ವಸಾಹತುಗಳಿಂದ ದೋಚಿದ ಐಶ್ವರ್ಯದಲ್ಲಿ ತಮ್ಮ ದೇಶದ ಕೂಲಿಕಾರನಿಗೂ ಒಂದು ಚಿಕ್ಕ ಪಾಲು ಕೊಟ್ಟು ಅವನ ಬಾಯಿ ಮುಚ್ಚಿಸುತ್ತವೆ ಎಂಬುದು ಅದರ ವಾದ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದವರಿಗೆ ಇದು ಅಪರಿಚಿತವಾದ ವಿಷಯವಲ್ಲ. ಆ ವರ್ಷಗಳಲ್ಲಿ ಅಮೆರಿಕದಲ್ಲಿದ್ದ ಲಾಲಾ ಲಜಪತ ರಾಯರು ಡುಬಾಯ್ಸ್ ಅವರ ಗೆಳೆಯರಾದರು.

ಬಿಳಿಯರು ತಮ್ಮ ಬಣ್ಣವನ್ನೇ ದೊಡ್ಡಸ್ತಿಕೆಯಾಗಿ ಎಣಿಸುವ ರೂಢಿ ತೀರ ಆಧುನಿಕವಾದುದೆಂದೂ, ಪ್ರಾಚೀನ ಲೋಕಕ್ಕೆ ಅದು ಗೊತ್ತೇ ಇರಲಿಲ್ಲವೆಂದೂ ಅವರು ಬರೆದರು. ಇದಕ್ಕೆ ಉತ್ತರ ಹೇಳುವವರೂ ಇದ್ದರು. ಅವರಲ್ಲಿ ಮುಖ್ಯನಾದವನು ಲೋಥ್ರಪ್ ಸ್ಟಾಡರ್ಡ್. ಅವನೂ ಹಾರ್ವರ್ಡ್‌ನ ಡಾಕ್ಟರೇಟ್ ಪಡೆದವನೇ. ಬಣ್ಣದ ಜನರ ಏಳಿಗೆಯಿಂದ ಬಿಳಿಯರ ಜಗತ್ತಿಗೆ ಕುತ್ತು ಬಂದಿದೆಯೆಂದು ೧೯೨೦ರಲ್ಲಿ ಅವನು ಬರೆದ ಪುಸ್ತಕ ಬಹಳವಾಗಿ ಮಾರಾಟವಾಗಿತ್ತು. ೧೯೨೯ನೆಯ ಮಾರ್ಚ್ ೧೭ರಂದು ಷಿಕಾಗೊ ನಗರದ ಕೊಲಿಸಿಯಮ್ ಸಭಾಂಗಣದಲ್ಲಿ ಇವರಿಬ್ಬರಿಗೂ ಚರ್ಚಾಸ್ಪರ್ಧೆ ಏರ್ಪಟ್ಟಿತು. ಕರಿಯರು ಸಂಸ್ಕೃತಿಯಲ್ಲಿ ಸಮಾನತೆಯನ್ನು ಬಯಸುವಂತೆ ಪ್ರೋತ್ಸಾಹಿಸಬೇಕೆ ಎಂಬುದು ಚರ್ಚೆಯ ವಿಷಯ. ಕರಿಯರೂ ಬಿಳಿಯರೂ ಸೇರಿ ಸಾವಿರಾರು ಜನ ಕಿಕ್ಕಿರಿದಿದ್ದರು.

ಡುಬಾಯ್ಸ್ ಅವರು ಮೊದಲು ಮಾತನಾಡಿದರು. ಗುಲಾಮಗಿರಿಯಿಂದ ಹೊರಬಂದ ಅರವತ್ತು ವರ್ಷಗಳಲ್ಲಿ ತಮ್ಮ ಜನ ಏರಿದ ಎತ್ತರವನ್ನು ತೋರಿಸಿದರು. ಕರಿಯರು ಕೀಳೆಂದು ಮೊದಲು ಹೇಳಿದವರು, ಅವರು ಮೇಲೇರಿದಾಗ ಮೇಲೇರುವುದೇ ಅಪಾಯವೆನ್ನುತ್ತಾರಲ್ಲ ಎಂದು ಆಕ್ಷೇಪಿಸಿದರು. ಸ್ಟಾಡರ್ಡ್ ಎದ್ದು ನಿಂತನು. ಎರಡು ಜನಾಂಗಗಳು ಬೇರೆಬೇರೆಯಾಗಿ ಬಾಳುವುದೇ ಲೇಸೆಂದು ಪ್ರತಿಪಾದಿಸಿದನು. ಬೇರ್ಪಡಿಸುವುದೆಂದರೆ ಪಕ್ಷಪಾತ ಮಾಡುವುದಲ್ಲ. ಕರಿಯರಿಗೆ ಬೇರೆ ಶಾಲೆಯಿದ್ದರೆ ಅದು ಒಳ್ಳೆಯ ಶಾಲೆಯಾಗಿರಬೇಕೆಂದೂ, ರೈಲಿನಲ್ಲಿ ಬೇರೆ ಡಬ್ಬಿಯಿದ್ದರೆ ಅದು ಒಳ್ಳೆಯ ಡಬ್ಬಿಯಾಗಿರಬೇಕೆಂದೂ ದಕ್ಷಿಣದ ವಿವೇಕಿಗಳಾದ ಬಿಳಿಯರು ಶ್ರಮಿಸುತ್ತಿದ್ದಾರೆಂದು ವಿವರಿಸಿದನು.

ಸಭೆ ಗೊಳ್ಳೆಂದು ನಕ್ಕಿತು.

ಸ್ಟಾಡರ್ಡ್‌ಗೆ ನಗೆಯ ಕಾರಣ ಹೊಳೆಯಲಿಲ್ಲ. ತಾನು ಹಾಸ್ಯವಾಡಲಿಲ್ಲವಲ್ಲ ಎಂದು ಅವನು ಬೆರಗಾದನು. ಡುಬಾಯ್ಸ್ ಅವರು ತಮ್ಮ ಸರದಿ ಬಂದಾಗ, ಸ್ಟಾಡರ್ಡ್ ಅವರು ಕರಿಯರ ಡಬ್ಬಿಯಲ್ಲಿ ಎಂದೂ ಪ್ರಯಾಣ ಮಾಡದಿರುವುದೇ ಆ ನಗೆಗೆ ಕಾರಣವೆಂದು ಶಾಂತವಾಗಿ ತಿಳಿಸಿದರು. ಆ ಡಬ್ಬಿಗಳ ಸ್ಥಿತಿ ಸಭಿಕರಲ್ಲಿ ಅನೇಕರಿಗೆ ಅನುಭವದಿಂದ ಗೊತ್ತಿತ್ತು. ಟಿಕೀಟಿಗೆ ಒಂದೇ ಬೆಲೆ ಕೊಟ್ಟರೂ ಹಲವೆಡೆ ಕರಿಯರಿಗೆ ದೊರೆಯುತ್ತಿದ್ದುದು ಎಂಜಿನ್ನಿನ ಹಿಂದುಗಡೆ ಹೊಗೆ ಮಸಿಗಳಿಂದ ತುಂಬಿದ, ಸಾಮಾನು ಒಟ್ಟಿದ ಅರ್ಧ ಡಬ್ಬಿ. ಸ್ಟಾಡರ್ಡ್ ಸುಳ್ಳು ಹೇಳಿದನೆಂದು ಭಾವಿಸಬೇಕಾಗಿಲ್ಲ. ಅವನು ಎಂದೂ ಕಾಣದೆ ಇದ್ದುದನ್ನು ಇಲ್ಲವೆಂದು ತಿಳಿದಿದ್ದನು. ಮೆತ್ತನೆಯ ಆಸನದಲ್ಲಿ ಕುಳಿತವನಿಗೆ ಆಸನವು ಸಹಜವಾದುದೆಂದೇ ತೋರುತ್ತದೆ. ನನ್ನ ಮಟ್ಟಿಗೆ, ಡುಬಾಯ್ಸ್ ಅವರು ಅಂದು ಮಂಡಿಸಿದ ಎಲ್ಲ ವಾದಗಳಿಗಿಂತ ಆ ಸಭೆಯ ನಗೆಯೇ ಪ್ರಬಲವಾದ ಸಾಕ್ಷಿ.

ಆದರೆ ಡುಬಾಯ್ಸ್ ಅವರಿಗೆ ನಗೆಯಿಂದ ತೃಪ್ತಿಯಾಗಲಿಲ್ಲ. ಸವಲತ್ತು ಉಂಟೆಂದಾಯಿತು, ಅದರ ಲಾಭ ಯಾರಿಗೆ? ದಕ್ಷಿಣದಲ್ಲಿ ಲಕ್ಷಾಂತರ ಬಿಳಿಯರು ಹರಕು ಬಟ್ಟೆಯವರು, ಸಾಲದಲ್ಲಿ ಮುಳುಗಿದ ಗೇಣಿದಾರರು, ಹತ್ತಿಯ ಗಿರಣಿಗಳ ಕೂಲಿಗಳು. ಅವರನ್ನು ತೋರಿಸಿ ಇವರಿಗೆ ಏನು ಸವಲತ್ತಿದೆ ಎಂದು ಕೇಳುವವರಿದ್ದರು. ಹಾಗೆ ಕೇಳುವುದರಲ್ಲಿ ಅರ್ಥವೂ ಇತ್ತು. ೧೯೩೪ರಲ್ಲಿ ಸಂಘದೊಡನೆ ಭಿನ್ನಾಭಿಪ್ರಾಯ ಬಂದು ಪತ್ರಿಕೆಯನ್ನು ಬಿಟ್ಟು ಅವರು ಮತ್ತೆ ಅಟ್ಲಾಂಟ ವಿಶ್ವವಿದ್ಯಾಲಯಕ್ಕೆ ಹೋದರು. ಅಂತರ್ಯುದ್ಧದ ನಂತರದ ಕಾಲವನ್ನು ಕುರಿತು ೧೯೩೫ರಲ್ಲಿ ಅವರು ಪ್ರಕಟಿಸಿದ ಏಳುನೂರು ಪುಟಗಳನ್ನು ಮೀರಿದ ಇತಿಹಾಸಗ್ರಂಥದಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಬಡ ಬಿಳಿಯನಿಗೆ ಎರಡು ಬಗೆಯ ಕೂಲಿ ದೊರೆಯುತ್ತಿತ್ತು ಎಂಬುದು ಅವರ ವಿವರಣೆ. ಒಂದು ಹಣದ ಕೂಲಿ. ಅದು ಬಹಳ ಕಡಿಮೆ. ಇನ್ನೊಂದು ಮನಸ್ಸಿಗೂ ಸಮಾಜದಲ್ಲಿಯ ಸ್ಥಾನಕ್ಕೂ ಸಲ್ಲುವ ಕೂಲಿ. ಅದನ್ನು ಯಾವ ಚೀಲದಲ್ಲಿಯೂ ಹಾಕಿಡುವಂತಿಲ್ಲ. ಅವನು ಬಿಳಿಯನಾದ ಕಾರಣ ಜನ ಅವನನ್ನು ಮರ್ಯಾದೆಯ ಮಾತಿನಿಂದ ಕರೆಯುತ್ತಿದ್ದರು. ಉದ್ಯಾನಗಳಿಗೂ ಸಾರ್ವಜನಿಕ ಸಮಾರಂಭಗಳಿಗೂ ಅವನು ತಡೆಯಿಲ್ಲದೆ ಹೋಗಬಹುದಾಗಿತ್ತು. ಊರಿನ ಪೊಲೀಸರು ಅವನ ಕಡೆಯವರೇ. ನ್ಯಾಯಾಲಯವು ಅವನ ಮತಕ್ಕೆ ಅಂಜಿ ಅವನ ತಪ್ಪುಗಳನ್ನು ಮೃದುವಾಗಿ ನೋಡುತ್ತಿತ್ತು. ಅವನ ಮಕ್ಕಳ ಶಾಲೆಗೆ, ತಲೆಯೊಂದಕ್ಕೆ ಲೆಕ್ಕ ಹಾಕಿದರೆ, ಕರಿಯರ ಶಾಲೆಗಿಂತ ಹಲವು ಪಟ್ಟು ಹೆಚ್ಚು ಹಣ ಸಲ್ಲುತ್ತಿತ್ತು. ಇವೆಲ್ಲ ಕನಸಿನ ಗಂಟುಗಳಲ್ಲ; ಬಾಳಿನಲ್ಲಿ ನಿಜವಾಗಿ ಅನುಭವಕ್ಕೆ ಬರುವ ಸಂಗತಿಗಳು. ಆದುದರಿಂದ ಬಡ ಬಿಳಿಯನಿಗೆ ಸವಲತ್ತೇ ಇರಲಿಲ್ಲವೆಂಬ ಮಾತನ್ನು ಡುಬಾಯ್ಸ್ ಅವರು ಒಪ್ಪಲಿಲ್ಲ.

ಈ ಎರಡನೆಯ ಕೂಲಿಯನ್ನು ಕೊಟ್ಟವರು ಯಾರು, ಅದಕ್ಕೆ ಪ್ರತಿಯಾಗಿ ಪಡೆದುದೇನು ಎಂಬುದನ್ನು ಅವರು ಮುಂದೆ ಪರಿಶೀಲಿಸಿದರು. ಬಿಳಿಯ ಕೂಲಿಕಾರನು ಹೆಚ್ಚು ಕೂಲಿ ಕೇಳಿದರೆ ಮಾಲೀಕನು ಅವನ ಜಾಗಕ್ಕೆ ಅಗ್ಗದ ಕರಿಯನನ್ನು ತರುವುದಾಗಿ ಹೆದರಿಸುತ್ತಿದ್ದನು. ಕರಿಯನಿಗೆ ಮತವಿಲ್ಲದುದರಿಂದ, ಸಂಘವಿಲ್ಲದುದರಿಂದ, ಅವನು ಅಗ್ಗವಾಗಿಯೇ ಉಳಿಯುತ್ತಿದ್ದನು. ಅವನನ್ನು ಸಂಘದಿಂದ ಹೊರಗಿಟ್ಟವನು ಬಿಳಿಯ ಕೂಲಿಕಾರನೇ. ಒಂದೇ ಹೊಲದಲ್ಲಿ, ಒಂದೇ ಬಗೆಯ ಕಷ್ಟದಲ್ಲಿ ಬೆವರು ಸುರಿಸುತ್ತಿದ್ದ ಇಬ್ಬರು ಒಬ್ಬರನ್ನೊಬ್ಬರು ಶತ್ರುಗಳೆಂದು ತಿಳಿದರು. ಇಬ್ಬರ ಹಣದ ಕೂಲಿಯೂ ತಳದಲ್ಲಿಯೇ ಉಳಿಯಿತು. ಮಿಕ್ಕ ಹಣ ಜಮೀನುದಾರನ, ಗಿರಣಿಯ ಒಡೆಯನ, ಬಂಡವಾಳ ಹೂಡಿದವನ ಕೈಸೇರಿತು. ಬಿಳಿಯ ಬಡವನು ಪಡೆದ ಮರ್ಯಾದೆ ನಿಜವಾದುದೇ. ಆದರೆ ಅದರ ಬೆಲೆಯನ್ನು ಅವನು ತನ್ನ ಅನ್ನದಿಂದಲೇ ತೆತ್ತನು. ಕರಿಯನಾದರೋ ಅನ್ನವನ್ನೂ ಮರ್ಯಾದೆಯನ್ನೂ ಒಟ್ಟಿಗೆ ಕಳೆದುಕೊಂಡನು.

ಈ ಗ್ರಂಥ ಪ್ರಕಟವಾದಾಗ ಅಮೆರಿಕದ ಇತಿಹಾಸಕಾರರ ಪ್ರಮುಖ ಪತ್ರಿಕೆಯು ಅದರ ವಿಮರ್ಶೆಯನ್ನೇ ಮಾಡಲಿಲ್ಲ. ಕೆಲವು ದಶಕಗಳ ಮೇಲೆ ವಿದ್ವಾಂಸರು ಅದರತ್ತ ತಿರುಗಿದರು. ೧೯೯೧ರಲ್ಲಿ ಡೇವಿಡ್ ರೋಡಿಗರ್ ಎಂಬ ಇತಿಹಾಸಕಾರರು ಅಮೆರಿಕದ ಬಿಳಿಯ ಕಾರ್ಮಿಕರನ್ನು ಕುರಿತು ಬರೆದ ಪುಸ್ತಕದ ಹೆಸರಿನಲ್ಲಿಯೇ ಡುಬಾಯ್ಸ್ ಅವರ ಆ ಕೂಲಿಯ ಕಲ್ಪನೆಯನ್ನು ಬಳಸಿಕೊಂಡರು. ಈ ಸವಲತ್ತು ಎಷ್ಟರಮಟ್ಟಿಗೆ ನಿಜ, ಅದರಿಂದ ಬಡ ಬಿಳಿಯನಿಗೆ ಲಾಭವೋ ನಷ್ಟವೋ ಎಂಬ ಚರ್ಚೆ ಆ ದೇಶದಲ್ಲಿ ಇಂದಿಗೂ ಮುಗಿದಿಲ್ಲ.

೧೯೪೬ರಲ್ಲಿ ಡಾಕ್ಟರ್ ಅಂಬೇಡ್ಕರ್ ಅವರಿಂದ ಡುಬಾಯ್ಸ್ ಅವರಿಗೆ ಒಂದು ಪತ್ರ ಬಂದಿತು. ತರುಣರಾಗಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿದ್ದ ಅಂಬೇಡ್ಕರ್ ಅವರು ಕರಿಯರ ಸಮಸ್ಯೆಯನ್ನು ಅಭ್ಯಾಸ ಮಾಡಿದ್ದರು. ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಅವರು ಕೇಳಿದ್ದರು. ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕರಿಯರ ಸ್ಥಿತಿಗೂ ಇರುವ ಸಾಮ್ಯವನ್ನು ಸೂಚಿಸಿದ್ದರು. ಡುಬಾಯ್ಸ್ ಅವರು ಸಹಾನುಭೂತಿಯಿಂದ ಉತ್ತರ ಬರೆದರು. ಮರುವರ್ಷ ಅವರ ಸಂಪಾದಕತ್ವದಲ್ಲಿ ಸಿದ್ಧವಾದ ಮತ್ತೊಂದು ಮನವಿಯೂ ವಿಶ್ವಸಂಸ್ಥೆಯನ್ನು ಮುಟ್ಟಿತು.

ಅವರ ಮುಪ್ಪು ಸುಖದ್ದಾಗಿರಲಿಲ್ಲ. ಅಣುಬಾಂಬಿನ ವಿರುದ್ಧ ಶಾಂತಿಗಾಗಿ ಪ್ರಚಾರ ಮಾಡಿದುದಕ್ಕೆ ೧೯೫೧ರಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ವಿದೇಶದ ಪರವಾಗಿ ಕೆಲಸ ಮಾಡಿದರೆಂಬ ಆರೋಪಕ್ಕೆ ಗುರಿಯಾಗಿ ಕಟಕಟೆಯಲ್ಲಿ ನಿಂತರು. ಆರೋಪ ನಿಲ್ಲದೆ ಬಿಡುಗಡೆಯಾದರೂ ೧೯೫೮ರವರೆಗೆ ಸರ್ಕಾರ ಅವರಿಗೆ ವಿದೇಶಪ್ರಯಾಣದ ರಹದಾರಿಯನ್ನು ಕೊಡಲಿಲ್ಲ. ಸೋವಿಯತ್ ದೇಶದ ಮೇಲಿನ ಅವರ ಅಭಿಮಾನ ಈ ಕಾಲದಲ್ಲಿ ಹೆಚ್ಚಿತು. ಬಿಳಿಯರ ಸವಲತ್ತನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಅದೇ ಕಣ್ಣುಗಳು ಸ್ಟಾಲಿನ್ನನ ದಬ್ಬಾಳಿಕೆಯನ್ನು ಕಾಣದೆ ಹೋದುದು ವಿಷಾದದ ಸಂಗತಿ.

೧೯೫೯ರಲ್ಲಿ ಅಟ್ಲಾಂಟದ ಆ ಸಾರ್ವಜನಿಕ ಗ್ರಂಥಾಲಯವು ಕರಿಯರಿಗೆ ತನ್ನ ಬಾಗಿಲನ್ನು ತೆರೆಯಿತು. ಮೊದಲು ಸದಸ್ಯತ್ವದ ಚೀಟಿ ಪಡೆದವರು ಕಾಲೇಜಿನಲ್ಲಿ ಫ್ರೆಂಚ್ ಭಾಷೆ ಕಲಿಸುತ್ತಿದ್ದ ಕರಿಯ ಮಹಿಳೆಯೊಬ್ಬರು. ನಿಯೋಗ ಹೋಗಿ ಬಂದು ಐವತ್ತೇಳು ವರ್ಷಗಳಾಗಿದ್ದವು. ಡುಬಾಯ್ಸ್ ಅವರಿಗೆ ಆಗ ತೊಂಬತ್ತೊಂದು ವರ್ಷ.

೧೯೬೧ರಲ್ಲಿ ಘಾನಾ ದೇಶದ ಅಧ್ಯಕ್ಷರಾದ ಎನ್‌ಕ್ರುಮಾ ಅವರ ಆಹ್ವಾನದ ಮೇರೆಗೆ, ಆಫ್ರಿಕವನ್ನು ಕುರಿತ ವಿಶ್ವಕೋಶವೊಂದನ್ನು ಸಿದ್ಧಪಡಿಸಲು ಅವರು ಅಕ್ರಾ ನಗರಕ್ಕೆ ಹೋಗಿ ನೆಲಸಿದರು. ವಿಶ್ವಕೋಶದ ಕೆಲಸ ಮುಗಿಯಲಿಲ್ಲ. ೧೯೬೩ನೆಯ ಆಗಸ್ಟ್ ೨೭ರಂದು, ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ, ಅವರು ಅಲ್ಲಿಯೇ ತೀರಿಕೊಂಡರು. ಮರುದಿನ ವಾಷಿಂಗ್ಟನ್ ನಗರದಲ್ಲಿ ಉದ್ಯೋಗಕ್ಕಾಗಿಯೂ ಸ್ವಾತಂತ್ರ್ಯಕ್ಕಾಗಿಯೂ ಸುಮಾರು ಎರಡೂವರೆ ಲಕ್ಷ ಜನರು ಸೇರಿದ್ದರು. ಅವರಲ್ಲಿ ಕರಿಯರೂ ಇದ್ದರು, ಬಿಳಿಯರೂ ಇದ್ದರು; ಕಾರ್ಮಿಕ ಸಂಘಗಳ ಫಲಕಗಳನ್ನು ಹಿಡಿದು ಜೊತೆಯಾಗಿ ನಡೆದವರೂ ಇದ್ದರು. ಡುಬಾಯ್ಸ್ ಅವರ ಹಳೆಯ ಸಂಘದ ನಾಯಕರಾದ ರಾಯ್ ವಿಲ್ಕಿನ್ಸ್ ಅವರು ವೇದಿಕೆಯಿಂದ ಅವರ ಮರಣದ ಸುದ್ದಿಯನ್ನು ಜನರಿಗೆ ತಿಳಿಸಿದರು.